ರಟ್ಟು ಕಾಣದ ಬಾತುಕೋಳಿ

ನಮ್ಮ ಗ್ರಂಥಾಲಯದ ಮುಖ್ಯಸ್ಥರನ್ನು ಬೆನ್ನ ಹಿಂದೆ ಎಲ್ಲರೂ ರಟ್ಟು ಸಾಹೇಬರು ಎನ್ನುತ್ತಾರೆ. ಹೊಸ ಪುಸ್ತಕದ ಹೊದಿಕೆ ಕಿತ್ತು, ಕಂದು ರಟ್ಟು ಹಾಕಿಸಿ, ಬೆನ್ನಿಗೆ ನಂಬರು ಬರೆಸುವವರೆಗೆ ಅವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಹಾಗೆ ಮಾಡಿದರೆ ಬಾಳಿಕೆ ಬರುತ್ತದಂತೆ. ನಿಜ. ಯಾರೂ ಮುಟ್ಟದ ವಸ್ತು ಬಾಳಿಕೆ ಬರುತ್ತದೆ.

ಪುಟ್ಟ ಮಕ್ಕಳಿಗೆ ತಿಂಗಳಿಗೊಂದು ಬಣ್ಣದ ಕಥಾಸಮಯ ನಡೆಸಬೇಕೆಂದು ಮೇಲಿನಿಂದ ಆದೇಶ ಬಂತು. ಸಾಹೇಬರು, ಕ್ಯಾಟಲಾಗ್ ವಿಭಾಗದ ಅಕ್ಕ, ಮಕ್ಕಳ ವಿಭಾಗದ ನಾನು ಸಭೆ ಸೇರಿದೆವು.

"ಕೆಂಪು ಬೇಡ ಸರ್, ಮಕ್ಕಳು ಹೆದರ್ತಾವೆ" ಎಂದರು ಅಕ್ಕ.

"ಕಪ್ಪು?" ಎಂದ ಸಾಹೇಬರು ನನ್ನತ್ತ ನೋಡಿ ಕೆಮ್ಮಿದರು. ನನ್ನ ಗಂಡ ತೀರಿಕೊಂಡ ಮೇಲೆ ಈ ಕಟ್ಟಡದಲ್ಲಿ ಕೆಮ್ಮು ಜಾಸ್ತಿಯಾಗಿದೆ.

"ಹಳದಿ ಇಡೋಣ, ಖುಷಿಯಾಗಿರತ್ತೆ. ಆದ್ರೆ ಕಥೆ ಯಾರು ಹೇಳೋದು?" ಅಕ್ಕ ಕಿಟಕಿಗೆ ಹೇಳಿದರು. "ಮಕ್ಕಳ ಮುಂದೆ ಸ್ವಲ್ಪ ನಗುಮುಖ ಇರ್ಬೇಕು."

"ನೀವೇ ಹೇಳಿ ಅಕ್ಕ" ಎಂದೆ.

"ಅಯ್ಯೋ, ನನ್ ಕೈಲಾಗಲ್ಲಮ್ಮ. ಮೈಮೇಲೆಲ್ಲ ಕಕ್ಕಿಬಿಡ್ತಾವೆ."

ನನ್ನ ಹೆಸರೇ ಉಳಿಯಿತು.

ತಯಾರಿ ಜೋರಾಯಿತು. ಹಳದಿ ಪರದೆ ಬಂತು, ಹಳದಿ ಚಾಪೆ ಬಂತು. ಬಲೂನು ಒಡೆದರೆ ಸದ್ದಾಗುತ್ತದೆಂದು ಬೇಡವಾಯಿತು. 'ಮೌನ' ಎಂಬ ಫಲಕಕ್ಕೆ ಹಳದಿ ಬಣ್ಣ ಬಳಿಸಿ, ಮಕ್ಕಳು ಕೂರುವ ಜಾಗದ ಮೇಲೆಯೇ ತೂಗುಹಾಕಿದರು. ಎಲ್ಲ ಮುಗಿದ ಮೇಲೆ ಅಕ್ಕನಿಗೆ ನೆನಪಾಯಿತು.

"ಅಂದಹಾಗೆ, ಪುಸ್ತಕ ಯಾವುದು?"

ಮೂವರೂ ಕಪಾಟಿನ ಮುಂದೆ ನಿಂತೆವು. ಮೇಲಿನಿಂದ ಕೆಳಗಿನವರೆಗೆ ಕಂದು.

"ಒಳಗಡೆ ಚಿತ್ರ ಇರತ್ತಲ್ರೀ" ಎಂದು ಸಾಹೇಬರು ಒಂದನ್ನು ತೆರೆದರು. ರಟ್ಟಿನ ಹೊಲಿಗೆ ಪುಟದ ಅಂಚನ್ನು ನುಂಗಿತ್ತು. ಸೂರ್ಯ ಅರ್ಧ ಇದ್ದ. ಕೋಳಿಮರಿಗೆ ಕೊಕ್ಕಿರಲಿಲ್ಲ.

"ದೊಡ್ಡದೊಂದು ಬಾತುಕೋಳಿ ಪುಸ್ತಕ ಇತ್ತಲ್ಲ, ಹಳದಿ ಹೊದಿಕೆ? ಬೈಂಡಿಂಗಿಗೆ ಅಂತ ಎಷ್ಟು ಹುಡುಕಿಸ್ದೆ. ಯಾರ ಕಾರ್ಡಲ್ಲಿ ಹೋಗಿದೆ ಅದು?"

ಅಕ್ಕ ಕೆಮ್ಮಿದರು. ಸಾಹೇಬರಿಗೆ ಅರ್ಥವಾಗಲಿಲ್ಲ. "ಇರ್ಲಿ. ಓದುಗರ ಕೈಲಿರೋ ಪುಸ್ತಕ ನಾನು ಮುಟ್ಟಲ್ಲ, ನಿಯಮ ಅಂದ್ರೆ ನಿಯಮ. ವಾಪಸ್ ಬಂದ ದಿನ ಮಾತ್ರ ಬಿಡಲ್ಲ, ನೋಡಿ."

ಅದು ನನ್ನ ಮನೆಯಲ್ಲಿತ್ತು. ಮಗಳಿಗೆಂದು ನನ್ನ ಗಂಡ ತಮ್ಮ ಕಾರ್ಡಿನಲ್ಲಿ ತಂದದ್ದು. ಹಿಂದಿರುಗಿಸುವ ದಿನ ಬರುವ ಮೊದಲೇ ಅವರು ಹೋದರು. ಮಗಳಿಗೆ ಎರಡೂವರೆ. ಆ ಹೊದಿಕೆಯ ಬಾತುಕೋಳಿಗೆ ಬೆರಳು ತೋರಿಸಿ ಅಪ್ಪ ಎನ್ನುತ್ತಾಳೆ, ಏಕೆಂದರೆ ಅದರಂತೆ ಕೂಗುತ್ತಿದ್ದವರು ಅವರು. ಪುಸ್ತಕ ಒಯ್ದರೆ ಸಾಹೇಬರು ಹೊದಿಕೆ ಕಿತ್ತು ರಟ್ಟು ಹಾಕಿಸುತ್ತಾರೆ. ಒಯ್ಯದಿದ್ದರೆ ಹಳದಿ ದಿನದಂದು ಮಕ್ಕಳಿಗೆ ಕೊಕ್ಕಿಲ್ಲದ ಕೋಳಿಮರಿ ತೋರಿಸಬೇಕು.

ಒಯ್ದೆ. ಮಗಳನ್ನೂ ಕರೆದೊಯ್ದೆ.

ಮಕ್ಕಳು ಬಂದವು. ಒಂದು ಪರದೆ ಎಳೆದು ಬೀಳಿಸಿತು, ಇನ್ನೊಂದು ಚಾಪೆ ಕಚ್ಚಿತು. ನಾನು ನಗಲಿಲ್ಲ, ಯಾವ ಮಗುವೂ ಗಮನಿಸಲಿಲ್ಲ. ಅವು ಬಾತುಕೋಳಿಯನ್ನು ನೋಡುತ್ತಿದ್ದವು. ಅದು ಕೂಗುವ ಪುಟ ಬಂತು. ನನಗೆ ಕೂಗಲು ಬರುವುದಿಲ್ಲ. ಪುಟ ತಿರುಗಿಸಲು ಹೋದೆ.

"ಕ್ವಾಕ್" ಎಂದಳು ಮಗಳು. ಗಂಟಲಿನಿಂದ, ಕೊನೆಗೆ ಸ್ವಲ್ಪ ಎಳೆದು, ಥೇಟ್ ಅವರ ಹಾಗೆ.

ಉಳಿದವೂ ಶುರುವಿಟ್ಟುಕೊಂಡವು. 'ಮೌನ' ಫಲಕದ ಕೆಳಗೆ ಕೋಣೆ ಹಾರಿಹೋಗುವಂತೆ ಕ್ವಾಕ್ ಕ್ವಾಕ್. ಸದ್ದು ನಿಲ್ಲಿಸಲು ಓಡಿಬಂದ ಸಾಹೇಬರ ಕಣ್ಣಿಗೆ ಪುಸ್ತಕ ಬಿತ್ತು.

"ಅರೆ, ಸಿಕ್ತಲ್ಲ! ಮುಗಿದ ತಕ್ಷಣ ನನ್ ಮೇಜಿನ ಮೇಲಿಡಮ್ಮ. ನಾಳೆ ಬೈಂಡರ್ ಬರ್ತಾನೆ."

ಚಾಪೆ ಕಚ್ಚಿದ ಮಗುವಿನ ತಾಯಿ ಮುಂದೆ ಬಂದರು. "ಮೇಡಂ, ಇದನ್ನ ಮನೆಗೆ ಕೊಡ್ತೀರಾ? ಇವ್ನು ಬಿಡ್ತಾನೇ ಇಲ್ಲ."

ಅವನು ಆಗಲೇ ಹೊದಿಕೆಯ ಮೂಲೆ ಬಾಯಿಗಿಟ್ಟುಕೊಂಡಿದ್ದ. ನಾನು ಮಗಳ ಮುಖ ನೋಡಿದೆ. ಅವಳು ಬೀದಿ ಕಡೆಯ ಕಿಟಕಿಗೆ ಮುಖವಿಟ್ಟು ಕೂಗುತ್ತಿದ್ದಳು. ಪುಸ್ತಕದ ಗೊಡವೆ ಅವಳಿಗಿರಲಿಲ್ಲ.

ಪುಸ್ತಕವನ್ನು ನನ್ನ ಗಂಡನ ಹೆಸರಿನಿಂದ ಬಿಡಿಸಿ, ಆ ತಾಯಿಯ ಹೆಸರಿಗೆ ಹಾಕಿ, ಮುದ್ರೆ ಒತ್ತಿದೆ.

"ಇವರಾದ್ಮೇಲೆ ನಮಗೆ, ಮೇಡಂ" ಎಂದರು ಇನ್ನೊಬ್ಬರು. "ಆಮೇಲೆ ನಮಗೆ!"

"ಅಲ್ಲಮ್ಮಾ, ಬೈಂಡಿಂಗು?" ಎಂದರು ಸಾಹೇಬರು.

"ಓದುಗರ ಕೈಲಿದೆ ಸರ್."

ನಿಯಮ ಸಾಹೇಬರದೇ. "ಹೀಗೆ ಕೈಯಿಂದ ಕೈಗೆ ತಿರುಗಿದ್ರೆ ಅದು ಚಿಂದಿಯಾಗಿ ಹೋಗತ್ತೆ!"

"ಆಗ್ಲಿ ಸರ್."

ಈ ಸಲ ಯಾರೂ ಕೆಮ್ಮಲಿಲ್ಲ. ಮಗಳು ಮನೆಯವರೆಗೂ ಕೂಗುತ್ತಲೇ ಬಂದಳು.