ಅಕ್ಷಯನ ತೂಕದ ಮನುಷ್ಯ

"ಮೊಳಿ ಇನ್ನೊಂದೀಟು ಮ್ಯಾಲ ಹೊಡೀರಿ. ತಲಿ ಜೋಲಾಕತ್ತೈತಿ" ಎಂದು ಪಕ್ಕದ ಮನೆಯ ಮಲ್ಲಕ್ಕ ಹೇಳಿದಳು. ಶಿವಪುತ್ರ ಮೊಳೆಯನ್ನು ಗೋಡೆಗೆ ಹಿಡಿದು ಸುತ್ತಿಗೆ ಎತ್ತಿದ.

ಅವನ ತಮ್ಮ ಬಂಡೆಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ನಸುಕಿನಲ್ಲಿ ಜೀವ ಹೋದಾಗಲೂ ಹಾಗೆಯೇ ಕೂತಿದ್ದ. ಹಣೆಗೆ ಬಿಳಿ ಬಟ್ಟೆ ಸುತ್ತಿ ಅದರ ತುದಿಯನ್ನು ಮೊಳೆಗೆ ಕಟ್ಟಿದರೆ ತಲೆ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ವಿಭೂತಿ, ಹೂವು. ಬಿದಿರಿನಲ್ಲಿ ಕಟ್ಟಿದ ವಿಮಾನದಲ್ಲಿ ಕೂರಿಸಿ ಹೊತ್ತು, ಕುಣಿಯಲ್ಲೂ ಕೂರಿಸಿಯೇ ಮಣ್ಣು ಕೊಡುವುದು ಅವರ ಪದ್ಧತಿ. ಮುಂಬಯಿಗೆ, ವಿಕ್ರೋಳಿಯ ಗುಡ್ಡದ ಈ ಚಾಳಿನ ಖೋಲಿಗೆ ಬಂದಮೇಲೂ ಅದೊಂದನ್ನು ಅವರು ಬಿಟ್ಟಿರಲಿಲ್ಲ.

ಮೊದಲ ಪೆಟ್ಟು ಬಿತ್ತು. ಎರಡನೆಯದು ಬೀಳುವ ಮೊದಲೇ ಬಂಡೆಪ್ಪನ ಹೆಂಡತಿ ದೇವಕ್ಕ ಎದ್ದು ಬಂದು ಶಿವಪುತ್ರನ ಮುಂಗೈ ಹಿಡಿದಳು. ಮಲ್ಲಕ್ಕ ಬಾಯಿಗೆ ಸೆರಗು ಇಟ್ಟುಕೊಂಡಳು. ಗಂಡನ ಅಣ್ಣನ ಮುಂದೆ ಸೆರಗು ಸರಿಸದ ಹೆಂಗಸು ದೇವಕ್ಕ. ಅವನ ಕೈ ಮುಟ್ಟಿದ್ದಳು.

"ಕಟ್ಟಬ್ಯಾಡ್ರಿ ಭಾವ. ಅವರನ್ನ ಮಲಗಸ್ರಿ."

"ಏನಂದಿ?"

"ಮಣ್ಣ ಕೊಡ್ರಿ. ಆದ್ರ ಕಾಲು ಚಾಚಿ ಮಲಗಿಸಿ ಕೊಡ್ರಿ. ವರ್ಷಾತು ಅವರು ಮಲಗಿಲ್ಲ."

ಶಿವಪುತ್ರ ದಹಿಸರ್‌ನ ಒಂದು ಬಿಲ್ಡಿಂಗಿನಲ್ಲಿ ರಾತ್ರಿಪಾಳಿಯ ವಾಚ್‌ಮನ್. ಫೋನು ಬಂದ ಕೂಡಲೇ ಮೊದಲ ಲೋಕಲ್ ಹತ್ತಿ, ಡ್ಯೂಟಿಯ ಖಾಕಿ ಪ್ಯಾಂಟಿನಲ್ಲೇ ಬಂದಿದ್ದ. ಅವನು ಕೈ ಬಿಡಿಸಿಕೊಂಡ.

"ದುಃಖದಾಗ ಏನರೆ ಮಾತಾಡಬ್ಯಾಡ. ನಮ್ಮಪ್ಪನ್ನ ಕುಂಡ್ರಿಸೀವಿ. ಅವ್ವನ್ನ ಕುಂಡ್ರಿಸೀವಿ. ಈ ಊರಾಗ ದಿನಾ ನೋಡ್ತೀನಿ ನಾ. ಟೇಸನ್ದಾಗ ಯಾರೂ ಇಲ್ದವರ ಹೆಣಾ ಅಡ್ಡ ಮಲಗಿಸಿ, ಮ್ಯಾಲೊಂದು ಬಟ್ಟಿ ಒಗದು, ಚೀಲ ಎತ್ತಿದಂಗ ಎತ್ಕೊಂಡು ಹೋಗ್ತಾರ. ನನ್ನ ತಮ್ಮ ಹಂಗ ಹೋಗೂದಿಲ್ಲ. ಬದುಕಿದ್ದಾಗ ಯಾರೂ ಇವಗ ಕುರ್ಚಿ ಕೊಡ್ಲಿಲ್ಲ. ಇವತ್ತ ರಾಜಾನಂಗ ಕುಂತು ಹೋಗ್ತಾನ."

"ಕುರ್ಚಿ ಕೊಟ್ಟಿದ್ರಲ್ಲ ಭಾವ" ಎಂದಳು ದೇವಕ್ಕ. "ತೊಗಲಿನ ಕುರ್ಚಿ. ರಾಜಾನಂಗ ಕುಂತಿದ್ದು ಸಾಕು."

ಇಬ್ಬರ ನಡುವೆ ಬಂಡೆಪ್ಪನ ತಲೆ ಇನ್ನಷ್ಟು ಜೋತಿತು. ಮಲ್ಲಕ್ಕ ಅವನ ಮೊಣಕಾಲು ಮುಟ್ಟಿ ನೋಡಿದಳು.

"ಏನ್ ಮಾಡ್ತೀರೋ ಲಗೂ ಮಾಡ್ರವ್ವ. ಮೈ ಬಿಗಿಯಾಕತ್ತೈತಿ. ಇನ್ನೊಂದ್ ಸ್ವಲ್ಪ ಹೊತ್ತು ಹೋದ್ರ ಆಮ್ಯಾಲ ಕಾಲು ಯಾರ ಮಾತೂ ಕೇಳೂದಿಲ್ಲ."

*

ಚೆಂಬೂರಿನ ಸದಾನಂದನ ಗ್ಯಾರೇಜಿಗೆ ಬಂಡೆಪ್ಪ ಸೇರಿದ್ದು ಭಾರ ಎತ್ತುವುದಕ್ಕೆ. ಚಕ್ರ, ಗೇರ್‌ಬಾಕ್ಸ್, ಬಿಚ್ಚಿದ ಇಂಜಿನ್ನು. ಆಳು ದಪ್ಪ, ಅಗಲ ಬೆನ್ನು. ಉಡುಪಿ ಕಡೆಯ ಸದಾನಂದ ಸೇಠ್ ಅವನನ್ನು "ಕ್ರೇನ್" ಎಂದು ಕರೆಯುತ್ತಿದ್ದ.

ಒಂದು ದಿನ ಅಕ್ಷಯನ ಟರ್ಬೊ ಕಾರು ಬಂತು. ಅಪ್ಪನಿಗೆ ಸಾಲು ಹೋಟೆಲುಗಳಿದ್ದ ಹುಡುಗ. ಕಾರಿನ ಹೊಟ್ಟೆ ನೆಲ ಸವರುವಷ್ಟು ಕೆಳಗಿತ್ತು. ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕೂತವನ ಕತ್ತು ಸೀಟಿಗೆ ಅಂಟುತ್ತಿತ್ತು. ಆದರೆ ಸ್ಪ್ರಿಂಗುಗಳೆಲ್ಲ ರೇಸಿನ ನುಣುಪು ಟ್ರ್ಯಾಕಿಗೆ ಮಾಡಿದವು. ಮುಂಬಯಿಯ ಹೊಂಡಕ್ಕೆ ಬಿದ್ದರೆ ಬೆನ್ನುಮೂಳೆಯೇ ಲೆಕ್ಕ ಒಪ್ಪಿಸಬೇಕು.

"ಅಂಕಲ್, ಎಕ್ಸ್‌ಪ್ರೆಸ್‌ವೇಯಲ್ಲಿ ಹಾರ್ಬೇಕು. ಇಡ್ಲಿ ತಿನ್ಲಿಕ್ಕೆ ಮಾಟುಂಗಾಕ್ಕೆ ಹೋದ್ರೆ ಸೊಂಟ ಸಹ ಉಳೀಬೇಕು. ಎರಡೂ ಬೇಕು, ದೋನೋ."

"ಆಗ್ತದೆ ಮಾರಾಯ" ಎಂದ ಸದಾನಂದ. "ಆದ್ರೆ ಗಾಡಿ ಖಾಲಿ ಇಟ್ಟು ಸೆಟ್ ಮಾಡ್ಲಿಕ್ಕಾಗುದಿಲ್ಲ. ನಾಲ್ಕು ಚಕ್ರದ ಅಡಿಗೆ ನಾಲ್ಕು ತೂಕದ ಕಾಟಾ ಇಡ್ತೇನೆ. ಡ್ರೈವರ್ ಸೀಟಲ್ಲಿ ನೀನು ಕೂತಿರ್ಬೇಕು. ನಿನ್ನ ಭಾರ ಯಾವ ಚಕ್ರಕ್ಕೆ ಎಷ್ಟು ಹೋಗ್ತದೆ ನೋಡಿ, ಅಲ್ಲಿಂದ ಸ್ಪ್ರಿಂಗ್ ಏರಿಸುದು, ಇಳಿಸುದು."

"ಎಷ್ಟು ಹೊತ್ತು?"

"ಹೊತ್ತಲ್ಲ. ದಿನಗಟ್ಟಲೆ."

"ಇಂಪಾಸಿಬಲ್, ಅಂಕಲ್. ಮರಳಿನ ಚೀಲ ಇಡಿ."

"ನಿನ್ನ ಸೀಟಿನ ತೊಗಲು ಹಾಳಾಗ್ತದೆ."

ತೊಗಲಿನ ಮಾತು ಬಂದಾಗ ಅಕ್ಷಯ ಯೋಚನೆಗೆ ಬಿದ್ದ. ಆಮೇಲೆ ಚಕ್ರ ಉರುಳಿಸುತ್ತಿದ್ದ ಬಂಡೆಪ್ಪನ ಮೇಲೆ ಅವನ ಕಣ್ಣು ಬಿತ್ತು. ಇಬ್ಬರೂ ಒಬ್ಬರಾದ ಮೇಲೊಬ್ಬರು ಕಾಟಾದ ಮೇಲೆ ನಿಂತರು. ಒಂದೇ ತೂಕ. ಗ್ಯಾರೇಜಿಗೆ ಗ್ಯಾರೇಜೇ ಚಪ್ಪಾಳೆ ಹೊಡೆಯಿತು.

ಅಂದಿನಿಂದ ಬಂಡೆಪ್ಪ ಕೂತ. ಸೀಟಿಗೆ ಪ್ಲಾಸ್ಟಿಕ್ ಹಾಸಿ, ಅವನಿಗೆ ತೊಳೆದ ಬಟ್ಟೆ ತೊಡಿಸಿ ಕೂರಿಸುತ್ತಿದ್ದರು. ಸ್ಟೇರಿಂಗ್ ಮುಟ್ಟುವಂತಿಲ್ಲ. ಕೈ ತೊಡೆಯ ಮೇಲೆ. ಸದಾನಂದ ಕೆಳಗೆ ಮಲಗಿ ಪಾನಾ ಹಿಡಿದು ನಟ್ಟು ತಿರುಗಿಸುತ್ತಿದ್ದ. ಕಟಕ್ ಕಟಕ್ ಎಂದು ಶಾಕ್ ಅಬ್ಸಾರ್ಬರಿನ ಗುಂಡಿ ಒಂದೊಂದೇ ಹಲ್ಲು ಸರಿಯುತ್ತಿತ್ತು. ಬಂಡೆಪ್ಪನಿಗೆ ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂದು ಯಾರೂ ಬಯಸಿರಲಿಲ್ಲ. ಅಕ್ಷಯ ವಾರ ಓಡಿಸಿ ವಾಪಸು ಬರುತ್ತಿದ್ದ. ಬಿರುಸಾಯಿತು. ಮೆತ್ತಗಾಯಿತು, ತಿರುವಿನಲ್ಲಿ ತೂಗುತ್ತದೆ. ಸ್ಪೀಡ್‌ಬ್ರೇಕರಿಗೆ ಹೊಟ್ಟೆ ಉಜ್ಜುತ್ತದೆ. ಪ್ರತಿ ದೂರಿಗೂ ಬಂಡೆಪ್ಪ ಮತ್ತೆ ಕೂರಬೇಕು.

"ಇವತ್ತೂ ನಾ ಸಾವಕಾರ ಆಗಿದ್ನೆಲೇ" ಎನ್ನುತ್ತ ಮನೆಗೆ ಬರುತ್ತಿದ್ದ.

"ಸಾವಕಾರಗ ಊಟಕ್ಕ ಏನ್ ಹಾಕಿದ್ರು?" ದೇವಕ್ಕ ಕೇಳುತ್ತಿದ್ದಳು.

"ನಡುವ ಉಣಬಾರದಂತ. ಉಂಡ್ರ ಸಾವಕಾರ ದಪ್ಪಾಗ್ತಾನಂತ."

ಸದಾನಂದ ಅದನ್ನು ತಮಾಷೆಗೆ ಹೇಳಿದ್ದ. ಬಂಡೆಪ್ಪ ನಿಜವೆಂದುಕೊಂಡು ಬುತ್ತಿಯನ್ನು ಹಾಗೇ ವಾಪಸು ತರುತ್ತಿದ್ದ.

*

ಗುಡ್ಡದ ಮೆಟ್ಟಿಲು ಹತ್ತಿ ಬಂದ ಸದಾನಂದನಿಗೆ ಏದುಸಿರು. ಕೈಯಲ್ಲಿ ದೊಡ್ಡ ಹಾರವಿತ್ತು. ಹಾರ ಹಾಕಲು ಬಾಗಿದವನು ಬಂಡೆಪ್ಪನ ಮುಖ ನೋಡಿ ಹಾಗೆಯೇ ನಿಂತ.

"ಎಂತ ಆಯ್ತು ದೇವಕ್ಕ ಇದು! ನಿನ್ನೆ ಸಂಜೆವರೆಗೆ ಕೂತಿದ್ದ ಅಲ್ಲ! ಸೆಟ್ಟಿಂಗ್ ಪೂರಾ ಮುಗೀತು ನಿನ್ನೆ. ಅಕ್ಷಯ ಗಾಡಿ ತಗೊಂಡು ಹೋಗಿ ಫೋನ್ ಮಾಡಿದ. ಹೊಂಡಕ್ಕೆ ಬಿದ್ದದ್ದೇ ಗೊತ್ತಾಗುದಿಲ್ಲ ಅಂಕಲ್, ಮಂಚದಲ್ಲಿ ಮಲಗಿದ ಹಾಗೆ ಉಂಟು ಅಂತ."

ಸದಾನಂದನಿಗೆ ಸುಮ್ಮನಿರಲಾಗಲಿಲ್ಲ.

"ಮುಖ ಸೊರಗಿದ್ದು ಹೌದು. ನಾನು ಸಹ ನೋಡಿದ್ದೇನೆ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಕಾಟಾದಲ್ಲಿ ಒಂದು ಕಿಲೋ ಸಹ ಇಳಿದಿರ್ಲಿಲ್ಲ ಮಾರಾಯ್ರೆ! ತೂಕ ಸರಿ ಉಂಟಲ್ಲ, ಮತ್ತೆ ಎಂತ ಹೆದರಿಕೆ ಅಂತ…"

ದೇವಕ್ಕ ಗಂಡನ ಕಾಲ ಮೇಲಿನ ಚಾದರ ಸರಿಸಿದಳು. ಕಾಲುಗಳು ಕಂಬದಷ್ಟು ದಪ್ಪವಿದ್ದವು, ಚರ್ಮ ಹೊಳೆಯುತ್ತಿತ್ತು. ಅವಳು ಹೆಬ್ಬೆರಳು ಊರಿ ತೆಗೆದಳು. ಬೆರಳಿನ ಗುಳಿ ಅಲ್ಲಿಯೇ ಉಳಿಯಿತು.

"ನೀರು, ಸೇಠ್. ಮಾಂಸ ಹೋದಲ್ಲೆಲ್ಲ ನೀರು ಬಂದು ಕುಂತಿತ್ತು. ನಿಮ್ಮ ಕಾಟಾ ಒಂದು ವರ್ಷ ಆ ನೀರು ತೂಗೈತಿ."

ಸದಾನಂದ ಆ ಗುಳಿಯನ್ನೇ ನೋಡಿದ. ಅದು ತುಂಬಿಕೊಳ್ಳಲಿಲ್ಲ. ಹಾರವನ್ನು ಯಾರ ಕೈಗೋ ಕೊಟ್ಟು, ಚಪ್ಪಲಿಗಳ ರಾಶಿಯ ಪಕ್ಕ ಹೋಗಿ ಕುಕ್ಕರಿಸಿದ.

*

"ಗುಳಗಿ ಹಂಗ ಐತಲ್ರಿ? ಯಾಕ ನುಂಗಿಲ್ಲ?" ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ದೇವಕ್ಕ ಗಂಡನನ್ನು ಕೇಳಿದ್ದಳು.

"ಇವತ್ತ ಕುಂಡ್ರೂದೈತಿ."

"ಕುಂಡ್ರೂದಕ್ಕೂ ಗುಳಗಿಗೂ ಏನ್ ಸಂಬಂಧ?"

ಗುಂಡಿಗೆ ಸೋತಿದೆ, ಅದಕ್ಕೇ ಮೈಯಲ್ಲಿ ನೀರು ತುಂಬುತ್ತಿದೆ, ಈ ಗುಳಿಗೆ ನೀರು ಇಳಿಸುತ್ತದೆ, ಒಂದು ದಿನವೂ ತಪ್ಪಿಸಬೇಡ ಎಂದು ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಹೇಳಿದ್ದಳು. ಬಂಡೆಪ್ಪ ತೊಳೆದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

"ಅದನ್ನ ನುಂಗಿದ್ರ ಗಳಿಗಿಗೊಮ್ಮೆ ಉಚ್ಚಿ. ಗಾಡಿ ಇಳದು ಇಳದು ಹತ್ತಿದ್ರ ಎಲ್ಲಾ ಕಾಟಾ ಹೊಸದಾಗಿ ನೋಡ್ಬೇಕಂತ." ಆಮೇಲೆ ದನಿ ತಗ್ಗಿಸಿದ. "ಮತ್ತ, ನೀರು ಇಳದ್ರ ತೂಕಾನೂ ಇಳೀತೈತಲ್ಲ. ಅಕ್ಷಯ ಸಾಹೇಬಗ ಕಮ್ಮಿ ಬಿದ್ನೆಂದ್ರ ಬ್ಯಾರೇದವನ್ನ ಕುಂಡ್ರಸ್ತಾರ. ಎತ್ತೂ ಕೆಲಸಾ ಇನ್ನ ನನ್ನ ಕಡೀಂದ ಆಗೂದಿಲ್ಲ. ಕುಂಡ್ರೂದೊಂದs ಉಳದೈತಿ."

"ಮನುಷ್ಯಾ ಉಳೀಬೇಕಲ್ಲ ಕುಂಡ್ರಾಕ?"

"ಈ ಗಾಡಿ ಒಮ್ಮೆ ಸೆಟ್ ಆಗ್ಲಿ ತಡಿ. ಗುಳಗಿ ನುಂಗಿ ಎಲ್ಲಾ ನೀರು ಹೊರಗ ಹಾಕಿ, ಕಾಲು ಚಾಚಿ ಮಲಗ್ತೀನಿ. ಬಾಗಲದಾಗಿಂದ ಪಾದ ಹೊರಗ ಬಂದ್ರೂ ಬರ್ಲಿ. ಮಂದಿ ದಾಟಿ ಹೋಗ್ಲಿ."

*

"ಇದೇನಿದು?" ಎಂದು ಶಿವಪುತ್ರ ಕೇಳಿದ.

ಬಂಡೆಪ್ಪನ ತಲೆ ಎದೆಗೆ ಬಿದ್ದಿತ್ತು. ಅದರ ಹಿಂದೆ ಸುಣ್ಣದ ಗೋಡೆಯ ಮೇಲೆ ದುಂಡಗೆ, ಕರ್ರಗೆ, ಎಣ್ಣೆ ಕುಡಿದ ಕಲೆಯೊಂದು ಕಾಣುತ್ತಿತ್ತು. ಅವನು ಹೊಡೆದ ಮೊಳೆ ಅದರ ಅಂಚಿನಲ್ಲೇ ಇತ್ತು.

ಬಂಡೆಪ್ಪನ ಮಗಳು ದಾನೇಶ್ವರಿ ಅಪ್ಪನ ಪಕ್ಕದಿಂದ ತಲೆಯೆತ್ತಿದಳು.

"ಅಪ್ಪನ ತಲಿ, ದೊಡ್ಡಪ್ಪ. ಏಕ್ ಸಾಲ್ ಆಯ್ತು, ಹಿಂಗs ಕುಂತು ನಿದ್ದಿ ಮಾಡ್ತಿದ್ದ. ಮಲಗಿದ್ರ ಸಾಂಸ್ ಹೀ ನಹೀ ಆತೀ ಥೀ, ಉಸರs ಬರ್ತಿರ್ಲಿಲ್ಲ. ನೀರಾಗ ಮುಳಗಿದಂಗ ಆಗ್ತೈತಿ ಅಂತಿದ್ದ."

"ನನಗ ಯಾರೂ ಹೇಳ್ಲಿಲ್ಲ."

"ಆಪ್ ಆತೇ ಕಬ್ ಥೇ, ಯಾವಾಗ ಬರ್ತಿದ್ರಿ? ನೀವು ರಾತ್ರಿ ಡ್ಯೂಟಿ, ಹಗಲು ಇನ್ನೊಂದು ಡ್ಯೂಟಿ."

ಶಿವಪುತ್ರ ಕಲೆಯ ಮೇಲೆ ಅಂಗೈ ಇಟ್ಟ. ಅಂಗೈ ಅದರೊಳಗೆ ಪೂರ್ತಿ ಹಿಡಿಯಿತು. ಆಮೇಲೆ ಸುತ್ತಿಗೆಯ ಹಿಂಬದಿಯಿಂದ ಮೊಳೆಯನ್ನು ಕಿತ್ತ.

"ಮಲ್ಲಕ್ಕಾ, ನೀರು ಕಾಸು."

ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಿಂಡಿ ದೇವಕ್ಕ ಒಂದು ಮೊಣಕಾಲಿಗೆ ಸುತ್ತಿದಳು. ಇನ್ನೊಂದು ಕಾಲನ್ನು ಶಿವಪುತ್ರ ತನ್ನ ತೊಡೆಯ ಮೇಲೆ ತೆಗೆದುಕೊಂಡ. ಕೀಲು ಬಿಡಲಿಲ್ಲ. ಉಜ್ಜಿದರು, ಮತ್ತೆ ಕಾವು ಕೊಟ್ಟರು.

"ಮೆಲ್ಲಕ ಭಾವ."

"ಅವಗೀಗ ನೋವಿಲ್ಲ ಬಿಡು."

"ಆದ್ರೂ ಮೆಲ್ಲಕ."

ಒಳಗೆಲ್ಲೋ ಸಣ್ಣಗೆ ಸದ್ದಾಗಿ ಕಾಲು ಸಡಿಲಾಯಿತು. ಹೆಂಗಸರು ಅಳುವುದು ನಿಲ್ಲಿಸಿ ನೋಡಿದರು. ಬಂಡೆಪ್ಪನನ್ನು ಚಾಪೆಯ ಮೇಲೆ ನೀಳವಾಗಿ ಮಲಗಿಸಿದಾಗ ಆ ಖೋಲಿಯಲ್ಲಿ ಉಳಿದವರಿಗೆ ನಿಲ್ಲಲು ಜಾಗವಾಗಲಿಲ್ಲ. ಎಲ್ಲರೂ ಹೊರಗೆ ಬಂದರು.

*

ಸ್ಮಶಾನದ ಮೂಲೆಯಲ್ಲಿ ಅವರ ಜನಕ್ಕೆಂದು ಬಿಟ್ಟ ತುಂಡು ನೆಲವಿತ್ತು. ಅವರ ಊರಿನವನೇ ಆದ ಶರಣು ಬೆಳಿಗ್ಗೆಯೇ ಕುಣಿ ತೋಡಿ ಮುಗಿಸಿದ್ದ. ಚೌಕಾಕಾರ, ಎದೆಯಾಳ. ಹೆಗಲ ಮೇಲೆ ಮಲಗಿ ಬಂದ ಬಂಡೆಪ್ಪನನ್ನು ನೋಡಿ ಅವನು ಗಾಬರಿಯಾದ.

"ಇದು ಕುಂಡ್ರಸೂ ಕುಣಿ, ಕಾಕಾ!"

"ಉದ್ದ ಮಾಡು" ಎಂದ ಶಿವಪುತ್ರ.

"ಎಲ್ಲಿ ಉದ್ದ ಮಾಡ್ಲಿ? ಆ ಕಡಿ ನಿಮ್ಮವ್ವ ಅದಾಳ. ಈ ಕಡಿ ಗ್ವಾಡಿತನಕ ಇರೂದು ಒಬ್ಬರು ಕುಂಡ್ರೂವಷ್ಟ. ಅದು ನಿಮ್ಮ ಜಾಗಾ. ಅವ್ವನ ಬಾಜೂಕ ನಾವಿಬ್ರೂ ಅಂತ ನೀವs ಹೇಳಿ ಹಿಡಿದಿಟ್ಟಿದ್ರಿ. ಇವರು ಮಲಗಿದ್ರ ಅದೂ ಹೋತು."

"ಮತ್ತ ನಿಮಗ, ಭಾವ?" ದೇವಕ್ಕ ಕೇಳಿದಳು.

ಶಿವಪುತ್ರ ಅಂಗಿ ಕಳಚಿ ಬನಿಯನ್ನಿನಲ್ಲೇ ಕುಣಿಗೆ ಇಳಿದ. ಶರಣುವಿನ ಕೈಯಿಂದ ಗುದ್ದಲಿ ಇಸಿದುಕೊಂಡು ಗೋಡೆಯ ಕಡೆಗೆ ಅಗೆಯತೊಡಗಿದ. ಇಟ್ಟಿಗೆಯ ಚೂರು, ಹಳೇ ಬೇರು, ಪ್ಲಾಸ್ಟಿಕ್ ಚೀಲಗಳು ಮಣ್ಣಿನ ಜೊತೆ ಮೇಲೆ ಬಂದವು. ಗ್ಯಾರೇಜಿನ ಇಬ್ಬರು ಕೈ ಕೊಡಲು ಬಂದರೆ ತಲೆಯಾಡಿಸಿ ಬೇಡವೆಂದ. ಗೋಡೆಯ ಬುನಾದಿ ಹತ್ತಿರಾದಾಗ ನಿಂತ.

"ಸಾಕಾತೇನು?" ಶರಣು ಮೇಲಿನಿಂದ ಕೇಳಿದ. "ಅಳತಿ ತಗೊಂಡಿಲ್ಲಲ್ಲ."

ಅಣ್ಣ ತಮ್ಮ ಇಬ್ಬರದೂ ಒಂದೇ ಎತ್ತರ. ಶಿವಪುತ್ರ ಗುದ್ದಲಿಯನ್ನು ಮೇಲಕ್ಕೆ ಕೊಟ್ಟ. ಅವ್ವನ ಕಡೆಗೆ ತಲೆ ಮಾಡಿ, ಹಸಿ ಮಣ್ಣಿನ ಮೇಲೆ ಬೆನ್ನು ಹಾಕಿ ಮಲಗಿದ. ಮೇಲೆ ಯಾರೋ "ಅಯ್ಯೋ" ಎಂದರು. ಅವನು ಕಾಲು ಚಾಚಿದ. ಹಿಮ್ಮಡಿ ಮಣ್ಣಿಗೆ ತಾಗಿ ಮೊಣಕಾಲು ಒಂದಿಷ್ಟು ಮಡಚಿತು.

"ಇನ್ನೊಂದು ಗೇಣು."

ಶರಣು ಇಳಿದು ಅವನ ಪಾದದ ಬಳಿ ಕೆರೆದ. ಮಣ್ಣು ಖಾಕಿ ಪ್ಯಾಂಟಿನ ಮೇಲೆ ಉದುರಿತು. ಶಿವಪುತ್ರ ಮತ್ತೆ ಕಾಲು ಚಾಚಿದ. ಈ ಸಲ ಎರಡೂ ಪಾದ ಪೂರ್ತಿ ನೀಳವಾದವು, ಸೊಂಟ ಸಡಿಲಾಯಿತು, ಕೈಗಳು ಬದಿಗೆ ಬಿದ್ದವು. ಅವನ ಎದೆ ಒಮ್ಮೆ ದೊಡ್ಡದಾಗಿ ಏರಿ ಇಳಿಯಿತು. ರಾತ್ರಿಪಾಳಿಯ ನಿದ್ದೆಗೆಟ್ಟ ಕಣ್ಣುಗಳು ಮುಚ್ಚಿದವು; ಉಸಿರು ನಿಧಾನವಾಗಿ ಏರಿಳಿಯತೊಡಗಿತು.

ಶರಣು ಗೋಡೆಗೊತ್ತಿ ನಿಂತ. ಹೆಣ ಹೊತ್ತವರು ಹೆಗಲು ಬದಲಿಸಿದರು. ದೇವಕ್ಕ ಕುಣಿಯ ಅಂಚಿಗೆ ಬಂದು, ಅವನ ಮುಖಕ್ಕೆ ಬಿಸಿಲು ಬೀಳದಂತೆ ನಿಂತಳು.