ಮಧ್ಯಾಹ್ನದ ಹಾಳೆಗಳು

ಸಮುದ್ರದ ದಂಡೆಯ ಗಾಲ್ಫ್ ಮೈದಾನವೊಂದರಲ್ಲಿ ಹನ್ನೊಂದು ವರ್ಷ ಆಟಗಾರರ ಕೋಲುಗಳ ಚೀಲ ಹೊತ್ತ ಅಶ್ಫಾಕ ಮೊಣಕಾಲು ಸವೆದ ಮೇಲೆ ಊರಿಗೆ ಮರಳಿದಾಗ ಜೊತೆಗೆ ತಂದದ್ದು ಎರಡೇ: ಸುಟ್ಟು ಕರಿಯಾದ ಕುತ್ತಿಗೆ, ಮತ್ತು ಗಾಳಿಯ ಗುರುತು. ಕುತ್ತಿಗೆಯ ಬಗ್ಗೆ ವಿಜಯಪುರದಲ್ಲಿ ಯಾರೂ ಕೇಳಲಿಲ್ಲ, ಇಲ್ಲಿ ಎಲ್ಲರದೂ ಅದೇ ಬಣ್ಣ. ಗಾಳಿಯ ಬಗ್ಗೆಯಂತೂ ಕೇಳುವವರೇ ಇರಲಿಲ್ಲ. ಇಬ್ರಾಹಿಂಪುರದ ರೈಲು ಹಳಿಯಾಚೆ ಎರಡು ಖೋಲಿಯ ಮನೆ, ಹೆಂಡತಿ ತಸ್ಲೀಮ, ಬೆಳಿಗ್ಗೆ ಏಳರ ತಿಕೋಟಾ ಬಸ್ಸು. ತಿಕೋಟಾದಲ್ಲಿ ಧೂಳಪ್ಪ ಸಾಹುಕಾರನ ಒಣದ್ರಾಕ್ಷಿ ಶೆಡ್ಡು. ಹೆಂಗಸರು ಆರಿಸಿಟ್ಟ ಮಣೂಕವನ್ನು ತೂಗಿ ಪೆಟ್ಟಿಗೆಗೆ ತುಂಬುವುದು ಅವನ ಕೆಲಸ.

ಸಾಹುಕಾರನ ಮಗ ಕುನಾಲ ಪುಣೆಯಲ್ಲಿ ಓದುವಾಗ ಗಾಲ್ಫ್ ಕಲಿತು ಬಂದಿದ್ದ. ಫೆಬ್ರವರಿಯಲ್ಲಿ ಕರಾವಳಿಯಲ್ಲೊಂದು ಪಂದ್ಯವಿದೆ, ಅಲ್ಲಿ ಮೊದಲ ಹತ್ತರೊಳಗೆ ಬಂದರೆ ಮುಂದಿನ ದಾರಿ ತೆರೆಯುತ್ತದೆ ಎಂದು ಮನೆಯಲ್ಲಿ ಹೇಳಿದ್ದ. ಶೆಡ್ಡಿನಲ್ಲಿ ಆ ಮಾತು ಬಂದಾಗ ಮೈದಾನದ ಹೆಸರು ಕೇಳಿ ಅಶ್ಫಾಕ ತಕ್ಕಡಿ ಬಿಟ್ಟು ಎದ್ದು ನಿಂತ.

"ಏ ಅಶ್ಫಾಕ, ಅಲ್ಲೇ ಇದ್ದಾಂವೇನ್ಲೇ ನೀ?" ಧೂಳಪ್ಪ ಕೇಳಿದ.

"ಹೌದ್ರಿ ಸಾವಕಾರ್ರ. ಹನ್ನೊಂದ ವರ್ಷ."

"ಮತ್ತ ಇಷ್ಟ ದಿನಾ ಬಾಯಾಗ ಮಣೂಕ ಇಟ್ಕೊಂಡಿದ್ದಿಯೇನ? ಹುಡುಗಗ ಹೇಳಿಕೊಡು. ಹತ್ತರೊಳಗ ಬಂದಾ ಅಂದ್ರ ಇಟ್ಟಂಗಿಹಾಳದ ಹಂತ್ಯಾಕ ನಂದ ಖಾಲಿ ಜಮೀನ ಐತಲ್ಲ, ಅಲ್ಲೊಂದ ಗ್ರೌಂಡ್ ಮಾಡಸ್ತೇನಿ. ನೀನ ಅದಕ್ಕ ಮಾಸ್ತರ."

ಮಾಸ್ತರ. ಅಶ್ಫಾಕ ಆ ಮಾತನ್ನು ಬಸ್ಸಿನಲ್ಲಿ ಕೂತು ಮನೆಯವರೆಗೂ ಒಯ್ದ. ಸಂಜೆ ಕಾಲೇಜಿನಲ್ಲಿ ನಾಲ್ಕು ಸಲ ಕೂತು ಪಿಯುಸಿ ದಾಟಿದವನು ಅವನು. ಹನ್ನೊಂದು ವರ್ಷ ಅವನನ್ನು ಜನ ಕರೆದದ್ದು ಚಿಟಿಕೆ ಹೊಡೆದು.

ತಸ್ಲೀಮ ರೊಟ್ಟಿ ಬಡಿಯುತ್ತಲೇ ಅಂದಳು, "ಗಾಳಿ ಬಂದಾಗ ತೂರಿಕೋಬೇಕಂತ. ನಿಮಗ ಗಾಳಿನ ಬಂದೈತಿ, ತೂರಿಕೊಳ್ರಿ. ಆದ್ರ ಆ ಧೂಳಪ್ಪನ ಮಾತು ಹೊಟ್ಟೋ ಕಾಳೋ ನೋಡ್ಕೊಂಡು."

ಕುನಾಲ ಕೆಟ್ಟ ಹುಡುಗನಲ್ಲ. ಅಶ್ಫಾಕನನ್ನು ಕಾಕಾ ಎಂದು ಕರೆಯುತ್ತಿದ್ದ, ಹೇಳಿದ್ದನ್ನು ಕೇಳುತ್ತಿದ್ದ. ಅವನ ತೊಂದರೆ ಒಂದೇ: ಚೆಂಡನ್ನು ಆಕಾಶಕ್ಕೆ ಹೊಡೆಯುತ್ತಿದ್ದ. ಪುಣೆಯ ಮೈದಾನದ ಸುತ್ತ ಗಿಡಗಳಿದ್ದವು, ಅಲ್ಲಿ ಅದು ಚೆಂದ ಕಾಣುತ್ತಿತ್ತು. ತಿಕೋಟಾದ ಶೆಡ್ಡಿನ ಹಿಂದಿನ ಬಯಲಿನಲ್ಲಿ ಎತ್ತರ ಹೋದ ಚೆಂಡನ್ನು ಮೂಡಣ ಗಾಳಿ ಎತ್ತಿ ಎಲ್ಲೆಲ್ಲೋ ಒಗೆಯುತ್ತಿತ್ತು. ಎದುರುಗಾಳಿ ಎಂದರೆ ಸಾಕು, ಹುಡುಗ ಇನ್ನಷ್ಟು ಜೋರಾಗಿ ಬೀಸುತ್ತಿದ್ದ. ಜೋರಾಗಿ ಬೀಸಿದಷ್ಟೂ ಚೆಂಡು ಗಿರಗಿರ ತಿರುಗಿ ಮೇಲಕ್ಕೇ ಏಳುತ್ತಿತ್ತು.

ಬಾಯಿಮಾತಿನಲ್ಲಿ ಇದು ತಿಳಿಯುವುದಿಲ್ಲವೆಂದು ಅಶ್ಫಾಕ ಒಂದು ದಿನ ಅವನನ್ನು ಬಬಲೇಶ್ವರಕ್ಕೆ, ತನ್ನ ಅವ್ವನ ಗೆಳತಿ ರೇಣವ್ವನ ಕಣಕ್ಕೆ ಕರೆದೊಯ್ದ. ಮಷೀನಿನವನು ಬಂದು ಮುಟ್ಟದಷ್ಟು ಸಣ್ಣ ರಾಶಿ ಅವಳದು. ಎತ್ತರದ ಮಣೆಯ ಮೇಲೆ ನಿಂತು ಬುಟ್ಟಿಯಿಂದ ಜೋಳ ತೂರುತ್ತಿದ್ದ ಮುದುಕಿ ಕುನಾಲನ ಎಡಗೈಯ ಗಾಲ್ಫ್ ಗವಸನ್ನು ನೋಡಿ ಕೈ ನಿಲ್ಲಿಸಿದಳು.

"ಯಪ್ಪಾ, ಒಂದ ಕೈಗೆ ಅಷ್ಟ ಯಾಕ ಅಂಗಿ ತೊಡಿಸೀದಿ? ಇನ್ನೊಂದು ಕೈ ಏನ್ ಪಾಪ ಮಾಡಿತ್ತ?"

ಕುನಾಲ ನಾಚಿ ನಕ್ಕ. ಬುಟ್ಟಿ ಇಸಿದುಕೊಂಡು ಮಣೆ ಹತ್ತಿ, ಜೋಳವನ್ನು ಮೇಲಕ್ಕೆ ಚಿಮ್ಮಿದ. ಹೊಟ್ಟಿನ ಜೊತೆ ಕಾಳೂ ಹಾರಿ ರೇಣವ್ವನ ಸೆರಗಿನಲ್ಲಿ ಬಿತ್ತು.

"ಏ ಏ! ಗಾಳಿ ಕೂಡ ಜಗಳಕ್ಕ ನಿಂತಿಯೇನ ಬಾಡ್ಯಾ? ಅದು ಗೆಲ್ಲತೈತಿ, ನೀ ಸೋಲ್ತಿ. ಮ್ಯಾಲ ಒಗೀಬ್ಯಾಡ. ಸಾವಕಾಶ ಸುರುವು. ಗಾಳಿ ಜೋರ ಆತಂದ್ರ ಕೈ ಕೆಳಗ ತರಬೇಕ, ಮ್ಯಾಲಲ್ಲ."

ಎರಡು ಬುಟ್ಟಿ ಸುರಿಯುವಷ್ಟರಲ್ಲಿ ಹುಡುಗನಿಗೆ ಅದು ತಿಳಿಯಿತು. ಎದುರುಗಾಳಿಗೆ ದೊಡ್ಡ ಕೋಲು, ಸಣ್ಣ ಬೀಸು. ಮರುದಿನ ಬಯಲಿನಲ್ಲಿ ಅವನ ಚೆಂಡು ಮೊದಲ ಸಲ ಜಾಲಿಗಿಡದ ಎತ್ತರ ಮೀರದೆ, ಗಾಳಿಯ ಹೊಟ್ಟೆಯ ಕೆಳಗೆ ನುಸುಳಿ ಹೋಯಿತು. ಅಶ್ಫಾಕನ ಕಣ್ಣು ತುಂಬಿದ್ದವು. ದೂಳು ಬಿತ್ತೆಂದು ಒರೆಸಿಕೊಂಡ.

ಕಣದಿಂದ ಬರುವಾಗ ಕುನಾಲ ಕೇಳಿದ್ದ, "ಕಾಕಾ, ಆ ಆಯಿ ಮುಂಜಾನೆ ಇಟ್ಟ ಮಣೆ ಸಂಜಿತನಾ ಸರಸೂದ ಇಲ್ಲೇನ?"

"ಯಾಕ ಸರಸ್ತಾಳಪ್ಪ, ನಮ್ಮ ಕಡೆ ಗಾಳಿ ದಿನಪೂರ್ತಿ ಒಂದ ದಿಕ್ಕಿನಿಂದ ಬರತೈತಿ."

ಅಲ್ಲಿ ಹಾಗಲ್ಲ ಎನ್ನುವ ಮಾತು ಅಶ್ಫಾಕನ ನಾಲಿಗೆಯ ತುದಿಗೆ ಬಂದಿತ್ತು. ಸಮುದ್ರದ ದಂಡೆಯಲ್ಲಿ ಮುಂಜಾನೆಯ ಗಾಳಿ ನೆಲದಿಂದ ನೀರಿನ ಕಡೆಗೆ ಹೋಗುತ್ತದೆ. ಹನ್ನೊಂದರ ಸುಮಾರಿಗೆ ಒಂದು ಗಳಿಗೆ ಸತ್ತಂತೆ ನಿಂತು, ಆಮೇಲೆ ನೀರಿನಿಂದ ನೆಲಕ್ಕೆ ಹೊರಳಿ ಎರಡುಪಟ್ಟು ಜೋರಾಗುತ್ತದೆ. ಆದರೆ ಹುಡುಗನಿಗೆ ಬಂದ ಚೀಟಿಯಲ್ಲಿ ಸೋಮವಾರ ಬೆಳಿಗ್ಗೆ ಏಳು ನಲವತ್ತು ಎಂದಿತ್ತು. ಗಾಳಿ ಹೊರಳುವಷ್ಟರಲ್ಲಿ ಆಟ ಮುಗಿಯುವುದಕ್ಕೆ ಬಂದಿರುತ್ತದೆ. ಈಗಷ್ಟೇ ಒಂದು ತಿಳಿದ ತಲೆಗೆ ಎರಡು ತುರುಕುವುದು ಬೇಡವೆಂದು ಅವನು ಆ ಮಾತನ್ನು ನುಂಗಿದ.

ನುಂಗಿದ್ದು ಹೊಟ್ಟೆಯಲ್ಲಿ ಸುಮ್ಮನೆ ಕೂರಲಿಲ್ಲ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಆ ಮೈದಾನದ ಹದಿನೆಂಟು ಕುಳಿಗೆ ಹದಿನೆಂಟು ಹಾಳೆ ಬರೆಯಲು ಕೂತ. ನಾಲ್ಕನೆಯದು: "ಎಡಕ್ಕೆ ಸಮುದ್ರ, ಬಲಕ್ಕೆ ಗಾಳಿಮರದ ತೋಪು. ಗಾಳಿ ಬಲದಿಂದ. ಚೆಂಡನ್ನು ತೋಪಿನ ಅಂಚಿಗೆ ಹಿಡಿ, ಗಾಳಿಯೇ ತಂದು ನಡುವೆ ಇಡುತ್ತದೆ." ಏಳನೆಯದು: "ಸಮುದ್ರಕ್ಕೆ ಮುಖ. ಗಾಳಿ ಬೆನ್ನಿಗೆ. ಸಣ್ಣ ಕೋಲು ಸಾಕು. ಮುಂಚೆಯೇ ಕೆಡವು, ಉರುಳಿ ಹೋಗಲಿ." ಹನ್ನೆರಡನೆಯದು: "ಸಮುದ್ರಕ್ಕೆ ಬೆನ್ನು. ಗಾಳಿ ಎದುರಿಗೆ. ಎರಡು ನಂಬರು ದೊಡ್ಡ ಕೋಲು. ರೇಣವ್ವನನ್ನು ನೆನೆ." ಬರೆದದ್ದನ್ನು ಮೂರು ಸಲ ಓದಿದ, ಎರಡು ಸಲ ತಿದ್ದಿದ. ಮನಸ್ಸು ತಡೆಯದೆ, ಕೊನೆಗೆ ಮಧ್ಯಾಹ್ನದ ಗಾಳಿಗೆ ಬೇರೆಯಾಗಿ ನಾಲ್ಕು ಹಾಳೆ ಬರೆದ. ಆಮೇಲೆ ಹೆದರಿಕೆ ಹುಟ್ಟಿತು. ಗಡಿಬಿಡಿಯಲ್ಲಿ ಹುಡುಗ ಈ ಹಾಳೆಯನ್ನೇ ತೆರೆದುಬಿಟ್ಟರೆ? ನಾಲ್ಕನ್ನೂ ಹರಿದು ತೆಗೆದು ಟ್ರಂಕಿನಲ್ಲಿಟ್ಟ. ಹೇಗೂ ತಾನು ಜೊತೆಯಲ್ಲೇ ಇರುತ್ತೇನೆ, ಚೀಲ ಹೊರುವವನು ತಾನೇ ಅಲ್ಲವೆ?

ಶನಿವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಶೆಡ್ಡಿಗೆ ಹೋದಾಗ ಕಾರಿನ ಡಿಕ್ಕಿ ತುಂಬಿತ್ತು. ಧೂಳಪ್ಪ, ಅವನ ಅಳಿಯ, ಪಂಚಾಂಗದ ಚೀಲ ಹಿಡಿದ ಸ್ವಾಮಿಗಳೊಬ್ಬರು, ಕುನಾಲ.

"ಜಾಗ ಇಲ್ಲಲೇ ಅಶ್ಫಾಕ."

"ನಾ ರಾತ್ರಿ ಬಸ್ಸಿಗೆ ಬರ್ತೇನ್ರಿ ಸಾವಕಾರ್ರ, ನಾಳಿ ಮುಂಜಾನೆ ಮುಟ್ಟತೇನಿ."

ಧೂಳಪ್ಪ ಅವನನ್ನು ದ್ರಾಕ್ಷಿ ಒಣಗಿಸುವ ಬಲೆಗಳ ಕಡೆ ಸರಿಸಿ ದನಿ ತಗ್ಗಿಸಿದ. "ಹಂಗಲ್ಲೋ. ಅಲ್ಲಿ ನೀ ಚೀಲ ಹೊತ್ತಾಂವ. ಮಂದಿ ಗುರುತ ಹಿಡೀತಾರ. ನನ್ನ ಮಗನ ಉಸ್ತಾದ ಚೀಲ ಹೊರಾಂವ ಅಂದ್ರ ನಂದೇನ್ ಉಳೀತ? ಬುಕ್ ಕೊಟ್ಟೀಯಲ್ಲ, ಸಾಕು. ತೂಕದ ಕಡೆ ನೋಡ ಹೋಗು."

ಕುನಾಲ ಕಿಟಕಿಯಿಂದ ಏನೋ ಹೇಳಲು ಬಾಯಿ ತೆರೆದ. ಅಪ್ಪನನ್ನು ನೋಡಿ ಮುಚ್ಚಿದ. ಕಾರು ಹೋಯಿತು. ಮಣೂಕ ಆರಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು, "ಅಂಗಿ ಚಲೋ ಐತಿ ಅಶ್ಫಾಕಣ್ಣ, ನಿಶ್ಚಯಕ್ಕ ಹೊಂಟಿದ್ದೇನ?" ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ.

ಭಾನುವಾರ ಸಂಜೆ, ತಸ್ಲೀಮ ಚಹಾ ಸೋಸುವಾಗ ಫೋನು ಬಂತು. ಧೂಳಪ್ಪ.

"ಏ ಅಶ್ಫಾಕ, ಇಲ್ಲಿ ಎಲ್ಲಾ ಕಡೆ ಮೀನದ ವಾಸನಿ ಅದಲೇ. ಸ್ವಾಮಿಗಳು ಮುಂಜಾನಿಂದ ಉಪಾಸ ಅದಾರ. ರೊಟ್ಟಿ ಖಾನಾವಳಿ ಎಲ್ಲೈತಿ ಹೇಳ."

ಅಶ್ಫಾಕ ಹೇಳಿದ. ಬಸ್‌ ನಿಲ್ದಾಣದ ಹಿಂದೆ, ಹಳೆಯ ಬಾವಿಯ ಎಡಕ್ಕೆ, ಧಾರವಾಡದ ಕಡೆಯವರದು. "ನಾಳೆ ಏಳಕ್ಕ ಮೈದಾನದಾಗ ಇರ್ರಿ, ಹುಡುಗಗ ಹೊಟ್ಟಿ ತುಂಬ—"

"ಏಳಕ್ಕಲ್ಲ. ಸೋಮವಾರ ಏಳೂವರಿಯಿಂದ ಒಂಬತ್ತು ರಾಹುಕಾಲ ಅಂತ ಸ್ವಾಮಿಗಳು ಹೇಳಿದ್ರು. ಇಲ್ಲಿ ಊರಿನ ಹುಡುಗ ಒಬ್ಬಾಂವ ಇದ್ದ, ಅವನ ಪಾಳಿ ನಮಗ, ನಮ್ಮ ಪಾಳಿ ಅವಗ. ಕೇಳೂದ ತಡಾ, ಹೂಂ ಅಂದ. ಭಾಳ ಸಜ್ಜನ ಹುಡುಗ. ಹನ್ನೆರಡೂ ಇಪ್ಪತ್ತಕ್ಕ ನಮ್ಮದು."

ಅಶ್ಫಾಕ ಚಹಾದ ಬಸಿಯನ್ನು ಕೆಳಗಿಟ್ಟ. ಬೆಳಗಿನ ಪಾಳಿಯನ್ನು ಯಾರಾದರೂ ಬಿಟ್ಟುಕೊಟ್ಟರೆ ಆ ಊರಿನವರು ಕೈಮುಗಿದು ತೆಗೆದುಕೊಳ್ಳುತ್ತಾರೆ. "ಸಾವಕಾರ್ರ, ಹನ್ನೆರಡಕ್ಕ ಅಂದ್ರ ನಾ ಬರದದ್ದು—"

"ನೀ ಬರದದ್ದು ಐತಲ್ಲಪಾ ಹುಡುಗನ ಹಂತ್ಯಾಕ. ಗಾಳಿ ಅಂದ್ರ ಗಾಳಿ, ಅದಕ್ಕೇನ್ ಗಡಿಯಾರ ಕಟ್ಟೀಯೇನ? ಖಾನಾವಳಿ ಸಿಗಲಿಲ್ಲಂದ್ರ ಮತ್ತ ಮಾಡ್ತೇನಿ." ಕಟ್.

ತಸ್ಲೀಮ ಎಲ್ಲ ಕೇಳಿಸಿಕೊಂಡಿದ್ದಳು. "ಹುಡುಗಗ ಮಾಡ್ರಿ."

ಕುನಾಲನ ನಂಬರು ಎದುರಿಗೇ ಇತ್ತು. ಒತ್ತಿದರೆ ಎರಡು ಮಾತು: ಮಧ್ಯಾಹ್ನ ಗಾಳಿ ಹೊಳ್ಳತೈತಿ, ಎಲ್ಲಾ ತಿರುಗಿಸಿ ಓದಪ್ಪ. ಅಶ್ಫಾಕ ಬೆರಳನ್ನು ಅದರ ಮೇಲೆ ಇಟ್ಟು, ತೆಗೆದ. ಅವರು ಫೋನು ಮಾಡಿದ್ದು ಖಾನಾವಳಿಗಾಗಿ. ಹನ್ನೊಂದು ವರ್ಷದ ಗಾಳಿಯನ್ನು ಬರೆದುಕೊಟ್ಟವನನ್ನು ಅವರು ಕೇಳಿದ್ದು ರೊಟ್ಟಿ ಎಲ್ಲಿ ಸಿಗುತ್ತದೆ ಎಂದು.

"ನಾಳಿ ಮುಂಜಾನೆ ಮಾಡ್ತೇನಿ," ಎಂದ. "ಈಗ ಊಟಕ್ಕ ಹೊಂಟಿರ್ತಾರ."

ತಸ್ಲೀಮ ಅವನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿ ನೋಡಿದಳು.

ಸೋಮವಾರ ಏಳರ ಬಸ್ಸಿನಲ್ಲಿ ಮಾಡಬಹುದಿತ್ತು, ಗದ್ದಲವಿತ್ತು. ಒಂಬತ್ತಕ್ಕೆ ಮಾಡಬಹುದಿತ್ತು, ಲಾರಿ ಬಂದಿತ್ತು. ಹತ್ತಕ್ಕೆ ಲಾರಿ ಹೋಗಿತ್ತು. ಹತ್ತರಿಂದ ಹನ್ನೊಂದೂವರೆಯವರೆಗೆ ಅಶ್ಫಾಕ ಖಾಲಿ ತಕ್ಕಡಿಯ ಮುಂದೆ ಕೂತಿದ್ದ. ಮಧ್ಯಾಹ್ನದ ಪಾಳಿಯ ಆಟಗಾರರ ಫೋನುಗಳನ್ನು ಹನ್ನೊಂದಕ್ಕೆ ಚೀಲ ಕಟ್ಟಿ ಇಸಿದುಕೊಳ್ಳುತ್ತಾರೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಎಷ್ಟೋ ಸಲ ಆ ಚೀಲ ಕಟ್ಟಿದವನು ಅವನೇ. ಹನ್ನೊಂದೂವರೆಗೆ ಎದ್ದು ಶೆಡ್ಡಿನ ಹೊರಗೆ ಹೋಗಿ ಕುನಾಲನ ನಂಬರು ಒತ್ತಿದ. ಫೋನು ಸ್ವಿಚ್ ಆಫ್ ಆಗಿದೆ ಎಂದು ಹೆಣ್ಣುದನಿಯೊಂದು ಹೇಳಿತು. ಆ ದನಿ ಮುಗಿಯುವವರೆಗೂ ಅವನು ನಿಂತು ಕೇಳಿದ. ಎದೆ ಹಗುರವಾಯಿತು. ಹಗುರವಾದದ್ದಕ್ಕೇ ಅವನಿಗೆ ತನ್ನ ಬಗ್ಗೆ ಹೇಸಿಗೆ ಬಂತು.

ಬುಧವಾರ ಕಾರು ಮರಳಿತು. ಅಂದು ಬೆಳಿಗ್ಗೆ ಅಶ್ಫಾಕ ಟ್ರಂಕು ತೆರೆದು ಆ ನಾಲ್ಕು ಹಾಳೆಗಳನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ತನಗೆ ಗೊತ್ತಿತ್ತು, ತಾನು ಬರೆದಿದ್ದೆ ಎಂದು ತೋರಿಸಲು.

ಧೂಳಪ್ಪ ನೋಟುಬುಕ್ಕನ್ನು ತಕ್ಕಡಿಯ ತಟ್ಟೆಗೆ ಒಗೆದ. ಹೆಂಗಸರ ಕೈ ನಿಂತವು.

"ಅರವತ್ತು ಮಂದ್ಯಾಗ ಐವತ್ತೆಂಟನೇದಾಂವ! ಅದೇನ್ ಬರದೀಲೇ? ಬಲಕ್ಕ ಹೊಡಿ ಅಂದಿ, ಚೆಂಡ ಗಿಡದಾಗ ಹೋತು. ಸಣ್ಣ ಕೋಲು ಅಂದಿ, ಉಸುಕಿನಾಗ ಬಿತ್ತು. ದೊಡ್ಡದಂದಿ, ದಾಟಿ ಹೋತು. ಒಂದರೆ ಖರೆ ಬರದೀಯೇನ? ನಮ್ಮ ಪಾಳಿ ತಗೊಂಡ ಆ ಹುಡುಗ ಎರಡನೇ ನಂಬರ ಬಂದ!"

ಅವನ ಹಿಂದೆ ಕುನಾಲ ನಿಂತಿದ್ದ. ಬೆರಳ ಸಂದಿಯಲ್ಲಿ ಬೊಬ್ಬೆ ಒಡೆದಿತ್ತು. ಅವನು ಸಿಟ್ಟು ಮಾಡಿದ್ದರೆ ಅಶ್ಫಾಕನಿಗೆ ಸುಲಭವಾಗುತ್ತಿತ್ತು.

"ಕಾಕಾ, ನೀವು ಬರದಂಗ ಹೊಡದೆ. ಒಂದ ಅಕ್ಷರ ಬಿಡಲಿಲ್ಲ. ಚೆಂಡ ಬ್ಯಾರೆ ಕಡೆ ಹೊಂಟಿತ್ತು, ಆದ್ರೂ ನಿಮ್ಮ ಮಾತ ಮೀರಬಾರದಂತ ಹಂಗ ಹೊಡದೆ." ಆಮೇಲೆ ಕೇಳಿದ, "ಮಧ್ಯಾಹ್ನ ಅಲ್ಲಿ ಗಾಳಿ ಹೊಳ್ಳತೈತಿ ಅಂತ ಆ ಊರಿನ ಹುಡುಗೂರು ಅಂತಿದ್ರು. ನಿಮಗ ಗೊತ್ತಿರಲಿಲ್ಲೇನು?"

ಅಶ್ಫಾಕನ ಕೈ ಜೇಬಿನವರೆಗೆ ಹೋಯಿತು. ಹಾಳೆ ತೆಗೆದರೆ ಗೊತ್ತಿತ್ತೆಂದು ತಿಳಿಯುತ್ತದೆ. ಗೊತ್ತಿತ್ತೆಂದು ತಿಳಿದರೆ ಭಾನುವಾರ ಸಂಜೆಯಿಂದ ಸೋಮವಾರ ಹನ್ನೊಂದರವರೆಗಿನ ಹೊತ್ತು ಎಲ್ಲಿ ಹೋಯಿತೆಂದು ಹುಡುಗ ಕೇಳುತ್ತಾನೆ. ರಾಹುಕಾಲದ ಮಾತೆತ್ತಿ ಧೂಳಪ್ಪನ ಬಾಯಿ ಮುಚ್ಚಿಸಬಹುದಿತ್ತು. ಕುನಾಲನ ಬಾಯಿ ಮುಚ್ಚಿಸುವ ಮಾತು ಅವನ ಬಳಿ ಇರಲಿಲ್ಲ.

"ಇಲ್ಲಪ್ಪ," ಎಂದ. "ನನಗ ಗೊತ್ತಿರಲಿಲ್ಲ."

ಕುನಾಲ ಅವನನ್ನು ನಂಬಿದ. ಅದು ಅವನ ಮುಖದಲ್ಲಿ ಕಂಡಿತು.

"ಕೇಳಿದ್ರೇನವಾ?" ಧೂಳಪ್ಪ ಹೆಂಗಸರ ಕಡೆ ತಿರುಗಿದ. "ಹನ್ನೊಂದ ವರ್ಷ ಚೀಲ ಹೊತ್ತಾನ, ಒಂದ ದಿನಾನೂ ತಲಿ ಎತ್ತಿ ನೋಡಿಲ್ಲ. ಇಂವ ಮಾಸ್ತರ ಅಂತ!"

ಹೆಂಗಸರು ನಕ್ಕರು. ಕುನಾಲ ನಗದೆ ಹೊರಗೆ ಹೋದ. ಅಶ್ಫಾಕ ತಕ್ಕಡಿಯಿಂದ ನೋಟುಬುಕ್ಕನ್ನು ಎತ್ತಿಟ್ಟು, ಮುಂದಿನ ಪೆಟ್ಟಿಗೆಯನ್ನು ಎಳೆದುಕೊಂಡ. ಬಗ್ಗಿದಾಗ ಜೇಬಿನ ಹಾಳೆಗಳು ಚರಚರ ಎಂದವು. ಯಾರಿಗೂ ಕೇಳಿಸದಿರಲೆಂದು ಅವನು ಮಣೂಕವನ್ನು ಜೋರಾಗಿ ಸುರಿಯತೊಡಗಿದ.