ಮೂರು ಬೆರಳು ಆಳ

"ಏ ಮುದ್ಕೀ, ಕೈಗೆ ಲಕ್ವ ಹೊಡ್ದದೇನೆ? ಸಂಜೆಯೊಳ್ಗೆ ಒಂದಕ್ಷರ ಕಾಣಬಾರ್ದು!"

ಕಚೇರಿಯ ಗುಮಾಸ್ತ ದುವಾನ್ ಕೊಡೆಯ ನೆರಳಲ್ಲಿ ನಿಂತು ಕೂಗುತ್ತಿದ್ದ. ಕಲ್ಲು ಕೆತ್ತುವ ಕ್ವೇಯಿಂಗ್ ಉಳಿಯ ಮೇಲೆ ಸುತ್ತಿಗೆ ಹೊಡೆಯುತ್ತಲೇ ಇದ್ದಳು. ಉದ್ಯಾನದ ಬಾಗಿಲಿನ ಬಂಡೆಯ ಮೇಲೆ ಕೆಂಪು ಬಣ್ಣ ತುಂಬಿದ ಅಕ್ಷರಗಳು: 'ಜನರೇ ನನ್ನ ಹೆತ್ತವರು.' ಪ್ರಾಂತ್ಯದ ಆಗಿನ ಪಕ್ಷ ಕಾರ್ಯದರ್ಶಿ ತಾನ್ ಎಂಬವನು ಸ್ವತಃ ಕುಂಚ ಹಿಡಿದು ಬರೆದದ್ದು. ಕಲ್ಲಿಗಿಳಿಸಿದವನು ಅವಳ ಗಂಡ.

"ನಿನ್ ಗಂಡ ಇಷ್ಟು ಆಳ ಯಾಕೆ ಕೆತ್ತಿದ್ನೇ?"

"ಸಾವಿರ ವರ್ಷ ಇರ್ಬೇಕು ಅಂತ ನೀವೇ ಅಂದಿದ್ರಿ."

ಲಂಚ ತಿಂದ ತಾನ್‌ಗೆ ಜೀವಾವಧಿ ಶಿಕ್ಷೆ ಎಂದು ನಿನ್ನೆ ಟಿವಿಯಲ್ಲಿ ಬಂತು. ಜೈಲಿನಲ್ಲಿ ಬಣ್ಣ ಹಚ್ಚುವವರಿಲ್ಲದೆ ಅವನ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳು ನೋಡುತ್ತಾ ಗಂಜಿ ಕುಡಿದು ಮುಗಿಸಿದಳು. ಹಾಳಾದ್ದು, ಸಂತೋಷವೂ ಆಗಲಿಲ್ಲ.

ಈ ಹುಲ್ಲುಹಾಸಿನ ಜಾಗದಲ್ಲೇ ಅವಳ ಊರು ಹುವಾಯ್‌ಲಿನ್ ಇತ್ತು. ಪಾರ್ಕಿಗೆಂದು ತಾನ್ ಸಹಿ ಹಾಕಿದ, ಬುಲ್‌ಡೋಜರ್ ಬಂತು. ಆಮೇಲೆ ಗಂಡನಿಗೆ ಸಿಕ್ಕಿದ್ದು ಈ ಬಂಡೆ ಕೆತ್ತುವ ಕೂಲಿಯೊಂದೇ. ಅದನ್ನು ಮುಗಿಸಿ, ನೆಲ ವಾಪಸು ಕೊಡಿ ಎಂದು ಅರ್ಜಿ ಹಿಡಿದು ಬೀಜಿಂಗಿಗೆ ಹೊರಟ ಗಂಡನನ್ನು ರೈಲು ನಿಲ್ದಾಣದಲ್ಲೇ ಹಿಡಿದರು. ಮನೆಗೆ ಬಂದದ್ದು ಬೂದಿಯ ಡಬ್ಬಿ.

"ಸಾಹೇಬ್ರೇ, ತಾನ್ ಕಳ್ಳ ಅಂತ ಕೋರ್ಟೇ ಅಂದದೆ. ಹಂಗಾರೆ ನಮ್ ನೆಲ?"

"ಕದ್ದಿದ್ದು ಅವ್ನು. ಪಾರ್ಕು ಸರ್ಕಾರದ್ದು."

"ಅವ್ನು ಹಾಕಿದ್ ಸಹಿ?"

"ಸಹಿ ಸರಿಯಾಗೇ ಅದೆ. ಬಾಯ್ಮುಚ್ಕೊಂಡು ಕೆತ್ತೇ, ಮುಂಡೆ."

ಆಮೇಲೆ ಕಾಗದದ ಸುರುಳಿಯೊಂದನ್ನು ಅವಳ ಮುಂದೆ ಎಸೆದ. "ಹೊಸ ಕಾರ್ಯದರ್ಶಿಗಳ ಕೈಬರಹ. ನಾಡಿದ್ದು ಅವ್ರೇ ಬಂದು ಪರದೆ ಎಳೀತಾರೆ." ಆಚೀಚೆ ನೋಡಿ ದನಿ ತಗ್ಗಿಸಿದ. "ಮೇಲ್ಮೇಲೆ ಕೆತ್ತು. ಮುಂದೆ ಅಳ್ಸೋಕೆ ಸಲೀಸಾಗ್ಲಿ."

ಅವಳು ತಲೆಯಾಡಿಸಿದಳು. ಕಾಗದ ಮಡಚಿ ಮಂಡಿಯಡಿ ಹಾಕಿಕೊಂಡು ಕೂತಳು. ಧೂಳಿಗೆ ಹೆದರಿ ದುವಾನ್ ಮತ್ತೆ ಆ ಕಡೆ ಸುಳಿಯಲಿಲ್ಲ. ಕೆಲಸ ಮುಗಿದಾಗ ಬಂಡೆಗೆ ಕೆಂಪು ರೇಷ್ಮೆ ಹೊದಿಸಿದವಳೂ ಅವಳೇ.

ಮೂರನೆಯ ದಿನ ಡೋಲು ಬಾರಿಸಿದರು. ಹೊಸ ಕಾರ್ಯದರ್ಶಿ ಕ್ಯಾಮೆರಾಗಳತ್ತ ನಗುತ್ತಾ ರೇಷ್ಮೆ ಎಳೆದ.

'ಹುವಾಯ್‌ಲಿನ್ ಊರು ಇಲ್ಲಿತ್ತು.'

ಡೋಲು ನಿಂತಿತು. ಪಕ್ಕದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ ಅವಳ ಬಳಿಗೆ ದುವಾನ್ ಓಡಿ ಬಂದ, ಹಿಂದೆಯೇ ಒಬ್ಬ ಪೊಲೀಸಿನವನು. "ಅಳ್ಸೇ! ಈಗ್ಲೇ ಅಳ್ಸೇ, ಸೂಳೆ!"

"ಆಗಾಕಿಲ್ಲ ಸಾಹೇಬ್ರೇ. ಮೂರ್ ಬೆರಳು ಆಳ ಅದೆ. ಬಂಡೆನೇ ಒಡೀಬೇಕು."

ಬಾಯಲ್ಲಿದ್ದ ರೊಟ್ಟಿಯ ಚೂರು ನುಂಗಿ, ಮಡಿಲಲ್ಲಿದ್ದ ಉಳಿ ಕೆಳಗಿಟ್ಟು, ಅವಳು ಪೊಲೀಸಿನವನ ಮುಂದೆ ಎರಡೂ ಕೈ ಚಾಚಿದಳು.